ಸರ್ ಬೆನಗಲ್ ನರಸಿಂಗ ರಾವ್ (1887–1953): ಸಂವಿಧಾನ ರಚನಾ ಸಭೆಯ ಸಲಹೆಗಾರರು

ಭಾರತದ ಸಂವಿಧಾನವು ಸಂಸದೀಯ ಸರ್ಕಾರ ಪದ್ಧತಿಯನ್ನು ಅಂಗೀಕರಿಸಿದೆ. ಕೇಂದ್ರದಲ್ಲಿ ಪ್ರಧಾನಮಂತ್ರಿಯವರ ನೇತೃತ್ವದ ಮಂತ್ರಿಮಂಡಲವು ಲೋಕಸಭೆಗೂ, ರಾಜ್ಯದಲ್ಲಿ ಮುಖ್ಯಮಂತ್ರಿಯವರ ನೇತೃತ್ವದ ಮಂತ್ರಿಮಂಡಲವು ವಿಧಾನಸಭೆಗೂ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಈ ಪದ್ಧತಿಯನ್ನು ಆಯ್ದುಕೊಳ್ಳುವ ಮುನ್ನ ಬ್ರಿಟನ್, ಅಮೆರಿಕ, ಸ್ವಿಟ್ಜರ್ಲೆಂಡ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳ ಆಡಳಿತ ವ್ಯವಸ್ಥೆಗಳನ್ನು ಅಕ್ಕಪಕ್ಕದಲ್ಲಿರಿಸಿ ಪರಿಶೀಲಿಸಲಾಗಿತ್ತು. ಆ ಪರಿಶೀಲನೆಗೆ ಬೇಕಾದ ಸಾಮಗ್ರಿಯನ್ನು ಸಿದ್ಧಪಡಿಸಿ, ಸಂವಿಧಾನದ ಮೊದಲ ಕರಡನ್ನು ಬರೆದುಕೊಟ್ಟವರು ದಕ್ಷಿಣ ಕನ್ನಡ ಜಿಲ್ಲೆಯವರಾದ ಸರ್ ಬೆನಗಲ್ ನರಸಿಂಗ ರಾವ್. ಶ್ರೀಯುತರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿರಲಿಲ್ಲ. ಸಭೆಯಲ್ಲಿ ಅವರಿಗೆ ಮತವಿರಲಿಲ್ಲ. ಸಲಹೆಗಾರರ ಹುದ್ದೆಯನ್ನು ಅವರು ಗೌರವ ಸೇವೆಯಾಗಿಯೇ ನಿರ್ವಹಿಸಿದರು. ನಾಗರಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಕಾರ್ಯದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ನರಸಿಂಗ ರಾವ್ ಅವರು 1887ರ ಫೆಬ್ರವರಿ 26ರಂದು, ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರು. ಈ ಮನೆತನದ ಮಕ್ಕಳು ಸಾರ್ವಜನಿಕ ಜೀವನದ ಬೇರೆ ಬೇರೆ ಕ್ಷೇತ್ರಗಳಲ್ಲಿ ಹೆಸರು ಗಳಿಸಿದರು. ಸಹೋದರರಲ್ಲಿ ಬೆನಗಲ್ ರಾಮ ರಾವ್ ಅವರು 1949ರಿಂದ 1957ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು, ಬಿ. ಶಿವ ರಾವ್ ಅವರು ಪತ್ರಕರ್ತರಾಗಿ, ಸಂವಿಧಾನ ರಚನಾ ಸಭೆಯ ಹಾಗೂ ಮುಂದೆ ಲೋಕಸಭೆಯ ಸದಸ್ಯರಾಗಿ ಪ್ರಸಿದ್ಧರಾದರು.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗ ರಾವ್ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಮದ್ರಾಸ್ ಪ್ರಾಂತಕ್ಕೆ ಪ್ರಥಮರಾಗಿ ತೇರ್ಗಡೆಯಾದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದ ತರುವಾಯ ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದರು. ಜವಾಹರಲಾಲ್ ನೆಹರೂ ಅವರೂ ಅದೇ ಕಾಲದಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದರು. 1909ರ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ನರಸಿಂಗ ರಾವ್ ಅವರು ಒಂಬತ್ತನೆಯ ರ‍್ಯಾಂಗ್ಲರ್ ಆದರು. ಮುಂದೆ ಕಾನೂನಿನ ಕರಡುಗಳಲ್ಲಿ ಒಂದು ಪದವೂ ಹೆಚ್ಚಾಗದಂತೆ, ಒಂದು ಷರತ್ತೂ ತಪ್ಪಿಹೋಗದಂತೆ ಬರೆಯುವ ಅವರ ರೀತಿಯನ್ನು ಕಂಡವರಿಗೆ ಈ ಗಣಿತದ ಹಿನ್ನೆಲೆ ಆಶ್ಚರ್ಯವೆನಿಸದು.

ಸಿವಿಲ್ ಸೇವೆ

ಅದೇ ವರ್ಷ ಅವರು ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಸ್ವಂತ ಪ್ರಾಂತವಾದ ಮದ್ರಾಸಿನಲ್ಲಿ ಬಂಧುಗಳೂ ಮಿತ್ರರೂ ಹೆಚ್ಚಾಗಿರುವುದರಿಂದ ತಮ್ಮನ್ನು ಬೇರೆ ಪ್ರಾಂತಕ್ಕೆ ನೇಮಿಸಬೇಕೆಂದು ಕೋರಿ, ಬಂಗಾಳಕ್ಕೆ ನಿಯುಕ್ತರಾದರು. ಊರಿಗೆ ಸಮೀಪದ ಹುದ್ದೆಗಾಗಿ ಅರ್ಜಿ ಸಲ್ಲಿಸುವವರೇ ಹೆಚ್ಚಾಗಿರುವ ಸೇವೆಯಲ್ಲಿ ಇದು ಅಪರೂಪದ ಕೋರಿಕೆ. ಬಂಗಾಳದ ಜಿಲ್ಲೆಗಳಲ್ಲಿ ಆಡಳಿತಾಧಿಕಾರಿಯಾಗಿಯೂ ನ್ಯಾಯಾಧೀಶರಾಗಿಯೂ ಕಾರ್ಯನಿರ್ವಹಿಸಿದ ಬಳಿಕ 1925ರಲ್ಲಿ ಅಸ್ಸಾಂ ಸರ್ಕಾರದ ಕಾನೂನು ಅಧಿಕಾರಿಯಾಗಿ ಹಾಗೂ ಅಲ್ಲಿನ ಶಾಸನ ಪರಿಷತ್ತಿನ ಕಾರ್ಯದರ್ಶಿಯಾಗಿ ನೇಮಕಗೊಂಡರು. ಒಂದೆಡೆ ಸರ್ಕಾರಕ್ಕೆ ವಿಧೇಯಕಗಳನ್ನು ಬರೆದುಕೊಡುವುದು, ಇನ್ನೊಂದೆಡೆ ಆ ವಿಧೇಯಕಗಳನ್ನು ಚರ್ಚಿಸುವ ಸಭೆಯ ಕಾರ್ಯಕಲಾಪವನ್ನು ನೋಡಿಕೊಳ್ಳುವುದು ಅವರ ಕರ್ತವ್ಯವಾಯಿತು. ಕಾರ್ಯಾಂಗ ಮತ್ತು ಶಾಸಕಾಂಗಗಳ ನಡುವಿನ ವ್ಯವಹಾರವನ್ನು ಅವರು ಮೊದಲು ಅರಿತದ್ದು ಪುಸ್ತಕಗಳಿಂದಲ್ಲ, ಸುಮಾರು ಎಂಟು ವರ್ಷಗಳ ಈ ದಿನನಿತ್ಯದ ಕೆಲಸದಿಂದ.

1935ರ ಭಾರತ ಸರ್ಕಾರ ಅಧಿನಿಯಮವು ಜಾರಿಗೆ ಬರುವ ಕಾಲದಲ್ಲಿ ಅವರು ಕೇಂದ್ರ ಸರ್ಕಾರದ ಸುಧಾರಣಾ ಕಚೇರಿಯಲ್ಲಿದ್ದರು. ಹೊಸ ಅಧಿನಿಯಮಕ್ಕೆ ಹೊಂದುವಂತೆ ದೇಶದ ಎಲ್ಲ ಕಾನೂನುಗಳನ್ನು ಪರಿಷ್ಕರಿಸುವ ಹೊಣೆ ಅವರದಾಯಿತು. ಈ ಸೇವೆಗಾಗಿ 1938ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಆನಂತರ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ಹಿಂದೂ ಕಾನೂನಿನ ಸುಧಾರಣೆಗಾಗಿ 1941ರಲ್ಲಿ ರಚಿತವಾದ ಸಮಿತಿಗೂ, ಸಿಂಧ್ ಮತ್ತು ಪಂಜಾಬ್ ಪ್ರಾಂತಗಳ ನದಿ ನೀರಿನ ವಿವಾದವನ್ನು ಪರಿಶೀಲಿಸಿದ ಸಿಂಧೂ ಆಯೋಗಕ್ಕೂ ಅವರೇ ಅಧ್ಯಕ್ಷರು. 1944ರಲ್ಲಿ ನಿವೃತ್ತರಾಗಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿ ಸ್ಥಾನವನ್ನು ವಹಿಸಿಕೊಂಡರಾದರೂ ಮಹಾರಾಜರೊಂದಿಗೆ ಅಭಿಪ್ರಾಯಭೇದ ಉಂಟಾಗಿ 1945ರಲ್ಲಿ ಆ ಹುದ್ದೆಯನ್ನು ತೊರೆದರು. ಸಂಸ್ಥಾನದ ಪ್ರಧಾನಮಂತ್ರಿಯು ಹೊಣೆಯಾಗಿದ್ದುದು ಮಹಾರಾಜರಿಗೆ, ಜನಪ್ರತಿನಿಧಿಗಳಿಗಲ್ಲ.

ಮೈಸೂರು ಸಂಸ್ಥಾನದ ಸ್ಥಿತಿಯೂ ಈ ವಿಷಯದಲ್ಲಿ ಬೇರೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ಸ್ಮರಿಸಬಹುದು. 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನೂ, 1907ರಲ್ಲಿ ನ್ಯಾಯವಿಧಾಯಕ ಸಭೆಯನ್ನೂ ಹೊಂದಿದ್ದ ಮೈಸೂರು ಮಾದರಿ ಸಂಸ್ಥಾನವೆನಿಸಿಕೊಂಡಿತ್ತು. ಆದರೆ ಸದಸ್ಯರು ಎಷ್ಟೇ ಪ್ರಬಲವಾಗಿ ಅಹವಾಲು ಮಂಡಿಸಿದರೂ ದಿವಾನರನ್ನು ಹುದ್ದೆಯಿಂದ ಇಳಿಸುವ ಅಧಿಕಾರ ಆ ಸಭೆಗಳಿಗೆ ಇರಲಿಲ್ಲ. ಪ್ರತಿನಿಧಿ ಸಭೆ ಇರುವುದು ಬೇರೆ, ಆ ಸಭೆಗೆ ಹೊಣೆಯಾದ ಸರ್ಕಾರ ಇರುವುದು ಬೇರೆ. ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನ ಜನತೆ ನಡೆಸಿದ ಚಳವಳಿಯ ಫಲವಾಗಿ 1947ರ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ನರಸಿಂಗ ರಾವ್ ಅವರು ದೆಹಲಿಯಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಗೊಳಿಸಿದ್ದೂ ಅದೇ ತಿಂಗಳಿನಲ್ಲಿ.

ಪ್ರಶ್ನಾವಳಿ ಮತ್ತು ಮೂರು ಮಾದರಿಗಳು

1946ರ ಜುಲೈ ತಿಂಗಳಿನಲ್ಲಿ ನರಸಿಂಗ ರಾವ್ ಅವರನ್ನು ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರನ್ನಾಗಿ ನೇಮಿಸಲಾಯಿತು. ಸಭೆ ಮೊದಲ ಬಾರಿಗೆ ಸೇರಿದ್ದು ಆ ವರ್ಷದ ಡಿಸೆಂಬರ್ 9ರಂದು. ಸದಸ್ಯರಲ್ಲಿ ಅನೇಕರು ಸ್ವಾತಂತ್ರ್ಯ ಹೋರಾಟದಲ್ಲಿ ವರ್ಷಗಟ್ಟಲೆ ಸೆರೆಮನೆಯಲ್ಲಿದ್ದವರು. ವಕೀಲರೂ ಸಾಕಷ್ಟು ಮಂದಿ ಇದ್ದರು. ಆದರೆ ಪರದೇಶಗಳ ಸಂವಿಧಾನಗಳ ಪಾಠವನ್ನು ಒಂದೆಡೆ ಒದಗಿಸುವ ಪುಸ್ತಕಗಳ ಅಗತ್ಯವಿತ್ತು. ಈ ಕೊರತೆಯನ್ನು ನೀಗಲು ವಿವಿಧ ದೇಶಗಳ ಸಂವಿಧಾನಗಳ ಮುಖ್ಯ ಉಪಬಂಧಗಳನ್ನು ಟಿಪ್ಪಣಿಗಳೊಡನೆ ಸಂಗ್ರಹಿಸಿದ ಮೂರು ಸಂಪುಟಗಳನ್ನು ನರಸಿಂಗ ರಾವ್ ಅವರ ಮೇಲ್ವಿಚಾರಣೆಯಲ್ಲಿ ಮುದ್ರಿಸಿ ಸದಸ್ಯರಿಗೆ ಹಂಚಲಾಯಿತು.

1947ರ ಮಾರ್ಚ್ 17ರಂದು ಕೇಂದ್ರ ಹಾಗೂ ಪ್ರಾಂತಗಳ ಶಾಸಕರಿಗೆ ಅವರು ಒಂದು ಪ್ರಶ್ನಾವಳಿಯನ್ನು ಕಳುಹಿಸಿದರು. ರಾಷ್ಟ್ರದ ಮುಖ್ಯಸ್ಥರನ್ನು ಆರಿಸುವುದು ಹೇಗೆ, ಅವರ ಅಧಿಕಾರಾವಧಿ ಎಷ್ಟು, ಸಂಸತ್ತಿಗೆ ಒಂದು ಸದನವೋ ಎರಡೋ ಎಂಬ ಪ್ರಶ್ನೆಗಳ ನಡುವೆ ಕಾರ್ಯಾಂಗದ ಸ್ವರೂಪ ಹೇಗಿರಬೇಕು ಎಂಬ ಪ್ರಶ್ನೆಯೂ ಇತ್ತು. ಬ್ರಿಟನ್ನಿನ ಸಂಸದೀಯ ಮಾದರಿ, ಅಮೆರಿಕದ ಅಧ್ಯಕ್ಷೀಯ ಮಾದರಿ, ಇಲ್ಲವೇ ಇವೆರಡರ ಅಂಶಗಳು ಬೆರೆತಿರುವ ಸ್ವಿಟ್ಜರ್ಲೆಂಡಿನಂಥ ಮಾದರಿ: ಇವು ಸದಸ್ಯರ ಮುಂದಿದ್ದ ಆಯ್ಕೆಗಳು.

ಈ ಮೂರರ ವ್ಯತ್ಯಾಸವನ್ನು ನಾಗರಿಕರು ಅರಿಯುವುದು ಉಪಯುಕ್ತ. ಬ್ರಿಟನ್ನಿನಲ್ಲಿ ಮಂತ್ರಿಗಳು ಸಂಸತ್ತಿನಿಂದಲೇ ಬರುತ್ತಾರೆ. ಕೆಳಮನೆಯ ವಿಶ್ವಾಸ ಇರುವವರೆಗೆ ಮಾತ್ರ ಅಧಿಕಾರದಲ್ಲಿ ಉಳಿಯುತ್ತಾರೆ. 1940ರ ಮೇ ತಿಂಗಳಿನಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ನಾರ್ವೆ ಕಾರ್ಯಾಚರಣೆಯ ವೈಫಲ್ಯದ ಬಗ್ಗೆ ಕಾಮನ್ಸ್ ಸಭೆಯಲ್ಲಿ ಚರ್ಚೆ ನಡೆಯಿತು. ಪ್ರಧಾನಮಂತ್ರಿ ಚೇಂಬರ್ಲೇನ್ ಅವರ ಸರ್ಕಾರ 281 ಮತಗಳಿಗೆ 200 ಮತಗಳ ಅಂತರದಲ್ಲಿ ಗೆದ್ದಿತಾದರೂ ಸ್ವಪಕ್ಷದ ಅನೇಕರು ಕೈಬಿಟ್ಟಿದ್ದುದು ಸ್ಪಷ್ಟವಾಯಿತು. ಎರಡು ದಿನಗಳಲ್ಲಿ ಅವರು ರಾಜೀನಾಮೆ ನೀಡಿದರು. ಚರ್ಚಿಲ್ ಅಧಿಕಾರಕ್ಕೆ ಬಂದರು. ಸಾರ್ವತ್ರಿಕ ಚುನಾವಣೆ ನಡೆಯದೆಯೇ ಯುದ್ಧದ ನಡುವೆ ಸರ್ಕಾರ ಬದಲಾಯಿತು.

ಅಮೆರಿಕದಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಮಹಾಭಿಯೋಗದ ಹೊರತು ಕಾಂಗ್ರೆಸ್ ಅವರನ್ನು ತೆಗೆಯುವಂತಿಲ್ಲ. ಅವರ ಸಂಪುಟದ ಕಾರ್ಯದರ್ಶಿಗಳು ಕಾಂಗ್ರೆಸ್ಸಿನ ಸದಸ್ಯರಾಗಿರುವಂತಿಲ್ಲ. ಹಾಗೆಂದು ಅಧ್ಯಕ್ಷರು ನಿರಂಕುಶರಲ್ಲ. ಒಪ್ಪಂದಗಳಿಗೆ ಸೆನೆಟ್ಟಿನ ಮೂರನೆಯ ಎರಡು ಭಾಗದ ಒಪ್ಪಿಗೆ ಬೇಕು. ಅವರು ನಿರಾಕರಿಸಿದ ವಿಧೇಯಕವನ್ನು ಎರಡೂ ಸದನಗಳು ಮೂರನೆಯ ಎರಡು ಭಾಗದ ಬಹುಮತದಿಂದ ಕಾನೂನಾಗಿಸಬಹುದು. ನರಸಿಂಗ ರಾವ್ ಅವರು ವಾಷಿಂಗ್ಟನ್ನಿಗೆ ಹೋಗುವ ಕೆಲವೇ ತಿಂಗಳ ಮುಂಚೆ, 1947ರ ಜೂನ್‌ನಲ್ಲಿ, ಕಾರ್ಮಿಕ ಸಂಘಗಳನ್ನು ಕುರಿತ ಟ್ಯಾಫ್ಟ್–ಹಾರ್ಟ್ಲಿ ಕಾಯಿದೆಯನ್ನು ಅಧ್ಯಕ್ಷ ಟ್ರೂಮನ್ ಅವರ ನಿರಾಕರಣೆಯನ್ನು ಮೀರಿ ಕಾಂಗ್ರೆಸ್ ಜಾರಿಗೊಳಿಸಿತ್ತು. ಅಧ್ಯಕ್ಷರು ಒಂದು ಪಕ್ಷದವರು, ಕಾಂಗ್ರೆಸ್ಸಿನ ಬಹುಮತ ಇನ್ನೊಂದು ಪಕ್ಷದ್ದು. ಇಬ್ಬರೂ ಜನರಿಂದ ಆಯ್ಕೆಯಾದವರು, ಒಬ್ಬರು ಇನ್ನೊಬ್ಬರನ್ನು ಕದಲಿಸುವಂತಿರಲಿಲ್ಲ.

ಸ್ವಿಟ್ಜರ್ಲೆಂಡಿನ ಪದ್ಧತಿ ಇನ್ನೂ ವಿಶಿಷ್ಟ. ಏಳು ಮಂದಿಯ ಒಕ್ಕೂಟ ಪರಿಷತ್ತನ್ನು ಸಂಸತ್ತಿನ ಎರಡೂ ಸದನಗಳು ಒಟ್ಟಾಗಿ ನಾಲ್ಕು ವರ್ಷಗಳಿಗೆ ಚುನಾಯಿಸುತ್ತವೆ. ಆ ಅವಧಿಯಲ್ಲಿ ಅವಿಶ್ವಾಸ ನಿರ್ಣಯದಿಂದ ಅವರನ್ನು ಇಳಿಸಲು ಅವಕಾಶವಿಲ್ಲ. ಅಧ್ಯಕ್ಷ ಸ್ಥಾನ ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಬರುತ್ತದೆ. ಹಲವು ಧರ್ಮ ಹಾಗೂ ಭಾಷೆಗಳ ನಾಡಿಗೆ ಎಲ್ಲರನ್ನೂ ಒಳಗೊಳ್ಳುವ ಈ ಮಾದರಿ ಸೂಕ್ತವೆಂದು ಸಂವಿಧಾನ ರಚನಾ ಸಭೆಯಲ್ಲಿ ಕೆಲವರು ವಾದಿಸಿದ್ದುಂಟು.

1947ರ ಜೂನ್‌ನಲ್ಲಿ ನೆಹರೂ ಅವರ ಅಧ್ಯಕ್ಷತೆಯ ಕೇಂದ್ರ ಸಂವಿಧಾನ ಸಮಿತಿಯೂ, ಸರ್ದಾರ್ ಪಟೇಲ್ ಅವರ ಅಧ್ಯಕ್ಷತೆಯ ಪ್ರಾಂತ ಸಂವಿಧಾನ ಸಮಿತಿಯೂ ಸಂಸದೀಯ ಮಾದರಿಯನ್ನೇ ಒಪ್ಪಿದವು. ಪ್ರಾಂತಗಳಲ್ಲಿ 1937ರಿಂದ ಮಂತ್ರಿಮಂಡಲಗಳು ಆ ರೀತಿಯಲ್ಲಿ ಕೆಲಸ ಮಾಡಿದ್ದು ಇದಕ್ಕೆ ಒಂದು ಕಾರಣ. ಪರಿಚಿತ ಮಾರ್ಗವನ್ನು ಬಿಟ್ಟು ಹೊಸದನ್ನು ಹಿಡಿಯುವ ಇಚ್ಛೆ ಬಹುಮಂದಿಗೆ ಇರಲಿಲ್ಲ.

ಮೊದಲ ಕರಡು ಮತ್ತು ವಿದೇಶ ಪ್ರವಾಸ

ಸಮಿತಿಗಳ ತೀರ್ಮಾನಗಳನ್ನು ಆಧರಿಸಿ ನರಸಿಂಗ ರಾವ್ ಅವರು 1947ರ ಅಕ್ಟೋಬರ್ ವೇಳೆಗೆ ಸುಮಾರು 240 ವಿಧಿಗಳು ಮತ್ತು 13 ಅನುಸೂಚಿಗಳನ್ನುಳ್ಳ ಕರಡನ್ನು ಸಿದ್ಧಪಡಿಸಿದರು. ಅದನ್ನು ಪರಿಶೀಲಿಸಲು ಡಾ. ಬಿ.ಆರ್. ಅಂಬೇಡ್ಕರ್ ಅವರನ್ನೊಳಗೊಂಡ ಕರಡು ರಚನಾ ಸಮಿತಿಯನ್ನು ಆಗಸ್ಟ್ 29ರಂದೇ ನೇಮಿಸಲಾಗಿತ್ತು, ಡಾ. ಅಂಬೇಡ್ಕರ್ ಅವರು ಅದರ ಅಧ್ಯಕ್ಷರಾದರು. ಸಮಿತಿಯು ಕೆಲಸ ಆರಂಭಿಸಿದ್ದಾಗ ನರಸಿಂಗ ರಾವ್ ಅವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ ದೇಶಗಳಿಗೆ ಪ್ರವಾಸ ಹೊರಟರು. ಕಾಗದದ ಮೇಲಿರುವ ವಿಧಿಗಳು ಆಯಾ ದೇಶಗಳಲ್ಲಿ ವಾಸ್ತವವಾಗಿ ಹೇಗೆ ನಡೆಯುತ್ತಿವೆ ಎಂಬುದನ್ನು ಅವುಗಳನ್ನು ನಡೆಸುತ್ತಿದ್ದವರಿಂದಲೇ ಕೇಳಿ ತಿಳಿಯುವುದು ಪ್ರವಾಸದ ಉದ್ದೇಶ.

ಐರ್ಲೆಂಡಿನಲ್ಲಿ ಅವರು ಪ್ರಧಾನಮಂತ್ರಿ ಡಿ ವಲೇರಾ ಅವರನ್ನು ಭೇಟಿಯಾದರು. 1937ರ ಐರಿಷ್ ಸಂವಿಧಾನದ ಶಿಲ್ಪಿ ಅವರೇ. ಭಾರತದ ರಾಜ್ಯ ನೀತಿ ನಿರ್ದೇಶಕ ತತ್ತ್ವಗಳಿಗೆ ಆ ಸಂವಿಧಾನವೇ ಮಾದರಿ. ಚುನಾವಣೆಯಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯ ಪದ್ಧತಿಯನ್ನು ಕೈಬಿಡುವುದೇ ಮೇಲು, ಗಟ್ಟಿಯಾದ ಸರ್ಕಾರಕ್ಕೆ ಬ್ರಿಟಿಷ್ ಪದ್ಧತಿಯೇ ಅನುಕೂಲ ಎಂಬುದು ಅವರ ಅನುಭವದ ಮಾತಾಗಿತ್ತು. ಭಾರತವು ಲೋಕಸಭೆ ಮತ್ತು ವಿಧಾನಸಭೆಗಳಿಗೆ ಅತ್ಯಧಿಕ ಮತ ಪಡೆದವರು ಗೆಲ್ಲುವ ಪದ್ಧತಿಯನ್ನೇ ಇರಿಸಿಕೊಂಡಿತು. ಐರ್ಲೆಂಡಿನಲ್ಲಿ ಮಾತ್ರ ಡಿ ವಲೇರಾ ಅವರ ಇಷ್ಟ ನೆರವೇರಲಿಲ್ಲ. ಪ್ರಮಾಣಾನುಗುಣ ಪದ್ಧತಿಯನ್ನು ರದ್ದುಪಡಿಸುವ ಪ್ರಸ್ತಾವವನ್ನು 1959ರ ಜೂನ್ 17ರ ಜನಮತಗಣನೆಯಲ್ಲಿ ಮತದಾರರು ತಿರಸ್ಕರಿಸಿದರು. ಅದೇ ದಿನ ಅದೇ ಮತದಾರರು ಅವರನ್ನು ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿದರು. 1968ರಲ್ಲಿ ಮತ್ತೊಮ್ಮೆ ಕೇಳಿದಾಗಲೂ ಜನರ ಉತ್ತರ ಬದಲಾಗಲಿಲ್ಲ.

ಪ್ರವಾಸದ ಅತ್ಯಂತ ದೂರಗಾಮಿ ಪರಿಣಾಮ ಉಂಟಾದದ್ದು ಅಮೆರಿಕದಲ್ಲಿ. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಂದಿಗೆ ನರಸಿಂಗ ರಾವ್ ಅವರು ಚರ್ಚೆ ನಡೆಸಿದರು. ಯುಕ್ತ ಕಾನೂನು ಕ್ರಮವಿಲ್ಲದೆ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಅಪಹರಿಸಕೂಡದು ಎಂಬ ಅಮೆರಿಕನ್ ಸಂವಿಧಾನದ ಉಪಬಂಧವನ್ನು ಆಧರಿಸಿ ಅಲ್ಲಿನ ನ್ಯಾಯಾಲಯಗಳು ಕೆಲಸದ ಅವಧಿ, ಕನಿಷ್ಠ ಕೂಲಿ ಮುಂತಾದ ಸಾಮಾಜಿಕ ಶಾಸನಗಳನ್ನು ದಶಕಗಳ ಕಾಲ ಅಸಿಂಧುಗೊಳಿಸಿದ್ದವು. ಚುನಾಯಿತ ಶಾಸಕಾಂಗದ ನಿರ್ಧಾರವನ್ನು ಕೆಲವೇ ನ್ಯಾಯಾಧೀಶರು ತಡೆಯಲು ಎಡೆಗೊಡುವ ಇಂಥ ಉಪಬಂಧವು ಪ್ರಜಾಪ್ರಭುತ್ವಕ್ಕೆ ಒಪ್ಪದ್ದು, ನ್ಯಾಯಾಂಗಕ್ಕೂ ಹೊರೆ ಎಂದು ಫ್ರಾಂಕ್‌ಫರ್ಟರ್ ಅವರು ಅಭಿಪ್ರಾಯಪಟ್ಟರು. ಭೂಸುಧಾರಣೆ ಹಾಗೂ ಗೇಣಿದಾರರ ರಕ್ಷಣೆಯ ಕಾನೂನುಗಳಿಗೆ ಇದರಿಂದ ಅಡ್ಡಿಯಾದೀತೆಂಬ ಆತಂಕ ನರಸಿಂಗ ರಾವ್ ಅವರಲ್ಲಿ ಮೊದಲೇ ಇದ್ದಿತು. ಅವರು ಹಿಂದಿರುಗಿದ ಬಳಿಕ ಕರಡು ರಚನಾ ಸಮಿತಿಯು ಯುಕ್ತ ಕಾನೂನು ಕ್ರಮ ಎಂಬ ಪದಗಳನ್ನು ಕೈಬಿಟ್ಟು, ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನ ಎಂಬ ಪದಗಳನ್ನು ಸೇರಿಸಿತು. ಈಗಿನ 21ನೆಯ ಅನುಚ್ಛೇದದಲ್ಲಿರುವುದು ಈ ಪದಗಳೇ.

ಗೇಣಿದಾರರ ಹಿತಕ್ಕಾಗಿ ಮಾಡಿದ ಈ ಬದಲಾವಣೆಯ ಭಾರ ಬಂಧಿತರ ಮೇಲೆಯೂ ಬಿದ್ದಿತು. ಶಾಸಕಾಂಗವು ಒಂದು ಕಾರ್ಯವಿಧಾನವನ್ನು ಕಾನೂನಿನಲ್ಲಿ ಬರೆದಿದ್ದರೆ ಸಾಕು, ಅದು ನ್ಯಾಯೋಚಿತವೇ ಎಂದು ಕೋರ್ಟು ಕೇಳುವಂತಿಲ್ಲ ಎಂಬ ಅರ್ಥ ಬರುವುದೆಂದು ಸಭೆಯಲ್ಲಿ ಅನೇಕ ಸದಸ್ಯರು ತೀವ್ರ ಅಸಮಾಧಾನ ವ್ಯಕ್ತಪಡಿಸಿದರು. ಡಾ. ಅಂಬೇಡ್ಕರ್ ಅವರು 1949ರಲ್ಲಿ ಬಂಧನಕ್ಕೊಳಗಾದವರ ಹಕ್ಕುಗಳ ಬಗ್ಗೆ ಪ್ರತ್ಯೇಕ ವಿಧಿಯನ್ನು ಸೇರಿಸಿ ಈ ಕೊರತೆಯನ್ನು ಒಂದಿಷ್ಟು ತುಂಬಿದರು. ಅದೇ ಈಗಿನ 22ನೆಯ ಅನುಚ್ಛೇದ. ಆದರೂ ಮುಂಜಾಗ್ರತಾ ಬಂಧನದಲ್ಲಿದ್ದ ಎ.ಕೆ. ಗೋಪಾಲನ್ ಅವರ ಪ್ರಕರಣದಲ್ಲಿ 1950ರಲ್ಲಿ ಸುಪ್ರೀಂ ಕೋರ್ಟ್ ಆ ಸೀಮಿತ ಅರ್ಥವನ್ನೇ ಎತ್ತಿಹಿಡಿಯಿತು. ಕಾರ್ಯವಿಧಾನವು ನ್ಯಾಯೋಚಿತವೂ ಸಮಂಜಸವೂ ಆಗಿರತಕ್ಕದ್ದು ಎಂಬ ತೀರ್ಪು ಮೇನಕಾ ಗಾಂಧಿ ಪ್ರಕರಣದಲ್ಲಿ ಹೊರಬಿದ್ದದ್ದು 1978ರಲ್ಲಿ. ಒಂದು ದೇಶದ ಅನುಭವವನ್ನು ಇನ್ನೊಂದು ದೇಶಕ್ಕೆ ತಂದ ಫಲವನ್ನು ಸರಿಪಡಿಸಲು 28 ವರ್ಷಗಳು ಬೇಕಾದವು.

ಒಪ್ಪಿಗೆಯಾಗದ ಸಲಹೆಗಳು

ನರಸಿಂಗ ರಾವ್ ಅವರ ಸಲಹೆಗಳೆಲ್ಲವೂ ಅಂಗೀಕೃತವಾಗಲಿಲ್ಲ. ರಾಷ್ಟ್ರಪತಿಯವರಿಗೆ ಕೆಲವು ವಿಷಯಗಳಲ್ಲಿ ವಿವೇಚನಾಧಿಕಾರವಿದ್ದು, ಅದನ್ನು ಬಳಸುವಾಗ ಅವರಿಗೆ ಸಲಹೆ ನೀಡಲು ಐರ್ಲೆಂಡಿನಲ್ಲಿರುವಂಥ ರಾಜ್ಯ ಪರಿಷತ್ತು ಇರಬೇಕೆಂದು 1947ರ ಮೇ ತಿಂಗಳ ತಮ್ಮ ಜ್ಞಾಪನಪತ್ರದಲ್ಲಿ ಅವರು ಸೂಚಿಸಿದ್ದರು. ಸಮಿತಿಯು ಇದನ್ನು ಒಪ್ಪಲಿಲ್ಲ. ಮಂತ್ರಿಮಂಡಲವಲ್ಲದೆ ಮತ್ತೊಂದು ಸಲಹಾ ಮಂಡಲಿ ಇದ್ದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಎರಡು ಉತ್ತರಗಳಾಗುತ್ತಿದ್ದವು. ನಿರ್ದೇಶಕ ತತ್ತ್ವಗಳನ್ನು ಜಾರಿಗೊಳಿಸುವ ಕಾನೂನಿಗೂ ಮೂಲಭೂತ ಹಕ್ಕಿಗೂ ಸಂಘರ್ಷ ಬಂದಲ್ಲಿ ಕಾನೂನು ಉಳಿಯಬೇಕೆಂದು ಪ್ರವಾಸದಿಂದ ಮರಳಿದ ಮೇಲೆ ಅವರು ಮಂಡಿಸಿದ ತಿದ್ದುಪಡಿಯೂ ತಿರಸ್ಕೃತವಾಯಿತು.

ರಾಜ್ಯಪಾಲರ ವಿಷಯದಲ್ಲಿ ಸಭೆಯೇ ತನ್ನ ನಿರ್ಧಾರವನ್ನು ಬದಲಿಸಿತು. ಅಮೆರಿಕದ ರಾಜ್ಯಗಳಲ್ಲಿರುವಂತೆ ರಾಜ್ಯಪಾಲರನ್ನು ಜನರೇ ನೇರವಾಗಿ ಆರಿಸಬೇಕೆಂದು 1947ರಲ್ಲಿ ಒಪ್ಪಲಾಗಿತ್ತು. ಹಾಗೆ ಆರಿಸಿಬಂದವರು ಮುಖ್ಯಮಂತ್ರಿಗೆ ಪ್ರತಿಯಾದ ಇನ್ನೊಂದು ಅಧಿಕಾರ ಕೇಂದ್ರವಾಗುವರೆಂಬುದು ಕ್ರಮೇಣ ಮನವರಿಕೆಯಾಗಿ, 1949ರ ಮೇ ತಿಂಗಳಿನಲ್ಲಿ ರಾಷ್ಟ್ರಪತಿಯವರು ರಾಜ್ಯಪಾಲರನ್ನು ನೇಮಿಸುವ ಪದ್ಧತಿಯನ್ನು ಅಂಗೀಕರಿಸಲಾಯಿತು. ಕೆನಡಾದ ಪ್ರಾಂತಗಳ ಲೆಫ್ಟಿನೆಂಟ್ ಗವರ್ನರುಗಳ ನೇಮಕ ಇದಕ್ಕೆ ಹತ್ತಿರದ ಮಾದರಿ. ಸರ್ಕಾರಿ ಕಚೇರಿಯಿಂದ ಆದೇಶದ ಪ್ರತಿಯನ್ನು ಪಡೆದ ನಾಗರಿಕರು ಅದರ ಕೊನೆಯಲ್ಲಿ, ಆದೇಶವು ರಾಜ್ಯಪಾಲರ ಹೆಸರಿನಲ್ಲಿ ಹೊರಟಿದೆ ಎಂಬ ಸಾಲನ್ನು ಗಮನಿಸಿರಬಹುದು. 166ನೆಯ ಅನುಚ್ಛೇದದಂತೆ ರಾಜ್ಯದ ಎಲ್ಲ ಕಾರ್ಯಾಂಗ ಕ್ರಮಗಳು ಅವರ ಹೆಸರಿನಲ್ಲಿಯೇ ನಡೆಯುತ್ತವೆ. ಆದರೆ ಆ ಆದೇಶಕ್ಕೆ ವಿಧಾನಸಭೆಯಲ್ಲಿ ಉತ್ತರ ಹೇಳಬೇಕಾದವರು ಸಂಬಂಧಪಟ್ಟ ಸಚಿವರು. ಹೆಸರು ಒಬ್ಬರದು, ಹೊಣೆ ಇನ್ನೊಬ್ಬರದು ಆಗಿರುವ ಈ ಏರ್ಪಾಡು ಸಂಸದೀಯ ಪದ್ಧತಿಯ ಲಕ್ಷಣವೇ ಹೊರತು ಕಚೇರಿಯ ರೂಢಿಯಲ್ಲ.

ಎರಡು ಸದನಗಳಿಗೆ ಒಮ್ಮತ ಮೂಡದಿದ್ದಾಗ ಜಂಟಿ ಅಧಿವೇಶನ ಕರೆಯುವ ವ್ಯವಸ್ಥೆಗೆ ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಪೂರ್ವನಿದರ್ಶನವಿತ್ತು. ಭಾರತದ ಸಂಸತ್ತಿನಲ್ಲಿ ವಿಧೇಯಕಗಳ ಸಲುವಾಗಿ 1961, 1978 ಮತ್ತು 2002ರಲ್ಲಿ ಇದನ್ನು ಬಳಸಲಾಗಿದೆ. ಮೊದಲನೆಯದು ವರದಕ್ಷಿಣೆ ನಿಷೇಧ ವಿಧೇಯಕಕ್ಕಾಗಿ. ರಾಜ್ಯದ ವಿಧಾನಮಂಡಲಕ್ಕೆ ಈ ಏರ್ಪಾಡು ಅನ್ವಯಿಸುವುದಿಲ್ಲ.

ಸಭೆಯ ತೀರ್ಮಾನ

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತಾ ಡಾ. ಅಂಬೇಡ್ಕರ್ ಅವರು ಈ ಹೋಲಿಕೆಯ ಸಾರವನ್ನು ಸಭೆಯ ಮುಂದಿಟ್ಟರು. ಪ್ರಜಾಪ್ರಭುತ್ವದ ಕಾರ್ಯಾಂಗವು ಸ್ಥಿರವೂ ಆಗಿರಬೇಕು, ಹೊಣೆಯುಳ್ಳದ್ದೂ ಆಗಿರಬೇಕು. ಎರಡನ್ನೂ ಸಮಪ್ರಮಾಣದಲ್ಲಿ ನೀಡುವ ಪದ್ಧತಿ ಇನ್ನೂ ದೊರೆತಿಲ್ಲ. ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನ ಪದ್ಧತಿಗಳಲ್ಲಿ ಸ್ಥಿರತೆ ಹೆಚ್ಚು, ಬ್ರಿಟಿಷ್ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು. ಕರಡು ಸಂವಿಧಾನವು ಹೊಣೆಗಾರಿಕೆಗೆ ಪ್ರಾಶಸ್ತ್ಯ ನೀಡಿದೆ ಎಂಬುದು ಅವರ ನಿರೂಪಣೆಯಾಗಿತ್ತು. ಪ್ರಶ್ನೋತ್ತರ, ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯಗಳ ಮೂಲಕ ಸರ್ಕಾರದ ಪರೀಕ್ಷೆ ಸದನದಲ್ಲಿ ದಿನವೂ ನಡೆಯುತ್ತದೆ. ಚುನಾವಣೆಯ ಪರೀಕ್ಷೆ ಅದರ ಮೇಲೆ.

ಕಾರ್ಯಾಂಗ ಮತ್ತು ಶಾಸಕಾಂಗಗಳನ್ನು ಸಂಪೂರ್ಣವಾಗಿ ಬೇರ್ಪಡಿಸಬೇಕೆಂದು ಪ್ರೊ. ಕೆ.ಟಿ. ಷಾ ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದರು. ಇದನ್ನು ವಿರೋಧಿಸಿ ಮಾತನಾಡಿದವರಲ್ಲಿ ಮೈಸೂರಿನ ಪ್ರತಿನಿಧಿ, ಮುಂದೆ ರಾಜ್ಯದ ಮುಖ್ಯಮಂತ್ರಿಯಾಗಿ ವಿಧಾನಸೌಧವನ್ನು ನಿರ್ಮಿಸಿದ ಕೆ. ಹನುಮಂತಯ್ಯನವರೂ ಒಬ್ಬರು. ಸಂಸದೀಯ ಕಾರ್ಯಾಂಗವನ್ನು ಒಪ್ಪಿದ ಮೇಲೆ ಮೂರು ಅಂಗಗಳು ಪರಸ್ಪರ ಸೆಣಸುವ ವ್ಯವಸ್ಥೆಗಿಂತ ಹೊಂದಿಕೊಂಡು ನಡೆಯುವ ವ್ಯವಸ್ಥೆಯೇ ಸಮಂಜಸ ಎಂಬುದು ಅವರ ವಾದ. ದಿವಾನರ ಆಡಳಿತವನ್ನು ಎದುರಿಸಿ ಹೋರಾಡಿದವರಿಗೆ ಸಭೆಗೆ ಬಗ್ಗದ ಕಾರ್ಯಾಂಗವೆಂದರೆ ಏನೆಂಬುದು ಚೆನ್ನಾಗಿ ತಿಳಿದಿತ್ತು. ತಿದ್ದುಪಡಿ ಬಿದ್ದುಹೋಯಿತು.

ಸಂವಿಧಾನವನ್ನು ನರಸಿಂಗ ರಾವ್ ಅವರೇ ಬರೆದರೆಂದು ಕೆಲವೊಮ್ಮೆ ಹೇಳಲಾಗುತ್ತದೆ. ಇದು ಸರಿಯಲ್ಲ. ಅವರ ಕರಡು ಕರಡು ರಚನಾ ಸಮಿತಿಯ ಕೈಯಲ್ಲಿ 315 ವಿಧಿಗಳೂ 8 ಅನುಸೂಚಿಗಳೂ ಉಳ್ಳದ್ದಾಗಿ ಮಾರ್ಪಟ್ಟಿತು. ಸಭೆಯಲ್ಲಿ 7,635 ತಿದ್ದುಪಡಿಗಳ ಸೂಚನೆ ಬಂದು 2,473 ತಿದ್ದುಪಡಿಗಳು ಮಂಡಿತವಾದವು. ಅಂಗೀಕಾರವಾದಾಗ 395 ಅನುಚ್ಛೇದಗಳಿದ್ದವು. ಪ್ರತಿಯೊಂದನ್ನೂ ಸಭೆಯಲ್ಲಿ ಸಮರ್ಥಿಸಿಕೊಂಡು ಮುನ್ನಡೆಸಿದವರು ಡಾ. ಅಂಬೇಡ್ಕರ್. ಆ ಡಾ. ಅಂಬೇಡ್ಕರ್ ಅವರೇ 1949ರ ನವೆಂಬರ್ 25ರ ಭಾಷಣದಲ್ಲಿ, ಸಂವಿಧಾನಕ್ಕಾಗಿ ತಮಗೆ ಸಂದ ಪ್ರಶಂಸೆಯಲ್ಲಿ ಒಂದು ಪಾಲು ನರಸಿಂಗ ರಾವ್ ಅವರಿಗೆ ಸೇರತಕ್ಕದ್ದೆಂದು ತಿಳಿಸಿದರು. ಮರುದಿನ ಅಧ್ಯಕ್ಷರಾದ ಡಾ. ರಾಜೇಂದ್ರ ಪ್ರಸಾದ್ ಅವರು ನರಸಿಂಗ ರಾವ್ ಅವರ ವೇತನರಹಿತ ಸೇವೆಯನ್ನೂ ಪಾಂಡಿತ್ಯವನ್ನೂ ಸ್ಮರಿಸಿದರು.

ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕೇ ಎಂಬುದನ್ನು ಮಾತ್ರ 1950ರ ಸಂವಿಧಾನ ಅಕ್ಷರಶಃ ಹೇಳಲಿಲ್ಲ. ಬ್ರಿಟನ್ನಿನಲ್ಲಿ ಅದು ಲಿಖಿತ ನಿಯಮವಲ್ಲ, ಸಂಪ್ರದಾಯ. ಭಾರತದಲ್ಲಿಯೂ ಸಂಪ್ರದಾಯವನ್ನೇ ನೆಚ್ಚಲಾಯಿತು. ಸಲಹೆಯಂತೆ ನಡೆಯತಕ್ಕದ್ದು ಎಂಬುದನ್ನು 1976ರ 42ನೆಯ ತಿದ್ದುಪಡಿ ಬರಹಕ್ಕಿಳಿಸಿತು. ಸಲಹೆಯನ್ನು ಮರುಪರಿಶೀಲನೆಗಾಗಿ ಒಮ್ಮೆ ಹಿಂದಿರುಗಿಸಬಹುದು ಎಂಬ ಅವಕಾಶವನ್ನು 1978ರ 44ನೆಯ ತಿದ್ದುಪಡಿ ಸೇರಿಸಿತು.

ಬರ್ಮಾ, ವಿಶ್ವಸಂಸ್ಥೆ ಮತ್ತು ಕೊನೆಯ ವರ್ಷಗಳು

ಭಾರತದ ಕೆಲಸದ ನಡುವೆಯೇ 1947ರಲ್ಲಿ ನರಸಿಂಗ ರಾವ್ ಅವರು ಬರ್ಮಾ ದೇಶದ ಸಂವಿಧಾನದ ಕರಡಿಗೂ ನೆರವಾದರು. ಅದೂ ಸಂಸದೀಯ ಮಾದರಿಯ ಸಂವಿಧಾನವೇ. 1948ರ ಜನವರಿ 4ರಂದು ಸ್ವತಂತ್ರವಾದ ಬರ್ಮಾದಲ್ಲಿ ಅದು 14 ವರ್ಷ ನಡೆಯಿತು. 1962ರ ಮಾರ್ಚ್‌ನಲ್ಲಿ ಸೇನೆ ಅಧಿಕಾರವನ್ನು ಕೈಗೆ ತೆಗೆದುಕೊಂಡಿತು.

1949ರಿಂದ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಖಾಯಂ ಪ್ರತಿನಿಧಿಯಾಗಿದ್ದರು. ಭದ್ರತಾ ಮಂಡಲಿಯ ಅಧ್ಯಕ್ಷತೆ ಸರದಿಯಂತೆ 1950ರ ಜೂನ್ ತಿಂಗಳಿಗೆ ಭಾರತದ್ದಾಗಿತ್ತು. ಆ ತಿಂಗಳ 25ರಂದೇ ಕೊರಿಯಾ ಯುದ್ಧ ಆರಂಭವಾಯಿತು. ತುರ್ತಾಗಿ ಸೇರಿದ ಮಂಡಲಿಯ ಸಭೆಗಳನ್ನು ನರಸಿಂಗ ರಾವ್ ಅವರು ನಡೆಸಿದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಒಂಬತ್ತು ವರ್ಷಗಳ ಆ ಅವಧಿಯಲ್ಲಿ ಎರಡು ವರ್ಷಗಳೂ ಪೂರ್ಣಗೊಳ್ಳುವ ಮೊದಲೇ ಅನಾರೋಗ್ಯಕ್ಕೀಡಾಗಿ 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಧನರಾದರು.

ಅವರ ಟಿಪ್ಪಣಿಗಳು, ಜ್ಞಾಪನಪತ್ರಗಳು ಹಾಗೂ ಪ್ರವಾಸದ ವರದಿಯನ್ನು ಸಹೋದರ ಬಿ. ಶಿವ ರಾವ್ ಅವರು ಸಂಪಾದಿಸಿ 1960ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅವರು ಅಧ್ಯಕ್ಷರಾಗಿದ್ದ ಸಮಿತಿಯು ರೂಪಿಸಿದ ಹಿಂದೂ ಕಾನೂನಿನ ಸುಧಾರಣೆಗಳು ಹಲವು ಮಾರ್ಪಾಡುಗಳೊಂದಿಗೆ 1955 ಮತ್ತು 1956ರಲ್ಲಿ ಸಂಸತ್ತಿನ ಅಧಿನಿಯಮಗಳಾದವು. ಭಾರತೀಯ ಅಂಚೆ ಇಲಾಖೆಯು 1988ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಬಿಡುಗಡೆ ಮಾಡಿದೆ.